ರಾಷ್ಟ್ರೀಯ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ: ಅಮೆರಿಕದ ಯೋಜನೆ ಮತ್ತು ಅದರ ಪಾಠಗಳು

ಒಂದು ದೇಶದ ಗ್ರಂಥಾಲಯ, ಪತ್ರಾಗಾರ, ವಸ್ತುಸಂಗ್ರಹಾಲಯ ಮತ್ತು ವಿಶ್ವವಿದ್ಯಾಲಯಗಳಲ್ಲಿ ಚದುರಿಹೋಗಿರುವ ಪುಸ್ತಕ, ಹಸ್ತಪ್ರತಿ, ನಕ್ಷೆ, ಛಾಯಾಚಿತ್ರ, ಧ್ವನಿಮುದ್ರಿಕೆಗಳನ್ನು ಯಾರು ಬೇಕಾದರೂ ಒಂದೇ ಕಡೆ ಹುಡುಕಿ, ಕಾಸು ಕೊಡದೆ ನೋಡಲು ಅನುವು ಮಾಡಿಕೊಡುವ ವ್ಯವಸ್ಥೆಯೇ ರಾಷ್ಟ್ರೀಯ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ. ಹಲವು ದೇಶಗಳಲ್ಲಿ ಇಂಥವು ಇವೆ. ಅವುಗಳಲ್ಲಿ ಯೋಜನೆಯ ಹಂತವನ್ನೇ ಬಹಿರಂಗವಾಗಿ ನಡೆಸಿ, ವಾದವಿವಾದಗಳನ್ನೆಲ್ಲ ಜನರ ಮುಂದಿಟ್ಟದ್ದು ಡಿಜಿಟಲ್ ಪಬ್ಲಿಕ್ ಲೈಬ್ರರಿ ಆಫ್ ಅಮೆರಿಕ, ಅಂದರೆ ಡಿಪಿಎಲ್ಎ. 2010ರ ಅಕ್ಟೋಬರ್‌ನಿಂದ 2013ರ ಏಪ್ರಿಲ್‌ವರೆಗೆ ಸುಮಾರು ಎರಡೂವರೆ ವರ್ಷ ಅದರ ಯೋಜನೆ ನಡೆಯಿತು. ಪುಟಗಳನ್ನು ಸ್ಕ್ಯಾನ್ ಮಾಡುವುದು ಇಂಥ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ವಿವರ ಬರೆಯುವುದು, ಹಕ್ಕುಗಳನ್ನು ಇತ್ಯರ್ಥಪಡಿಸುವುದು, ವರ್ಷ ವರ್ಷವೂ ಹಣ ಹೊಂದಿಸುವುದು ನಿಜವಾದ ಕಷ್ಟ. ಡಿಪಿಎಲ್ಎಯ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಈ ಮಾತು ಹೆಜ್ಜೆಹೆಜ್ಜೆಗೂ ರುಜುವಾಗುತ್ತದೆ.

ಹಿನ್ನೆಲೆ

ಅಮೆರಿಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಬೆಳೆದದ್ದು ಊರೂರಿನ ತೆರಿಗೆಯಿಂದ. ಇಡೀ ದೇಶದ ಗ್ರಂಥಾಲಯಗಳನ್ನು ನಡೆಸುವ ಒಂದು ಕೇಂದ್ರ ಇಲಾಖೆ ಅಲ್ಲಿಲ್ಲ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಎಷ್ಟೇ ದೊಡ್ಡದಾದರೂ ಊರ ಗ್ರಂಥಾಲಯಗಳಿಗೆ ಅದು ಮೇಲಧಿಕಾರಿಯಲ್ಲ. 1990ರ ದಶಕದಲ್ಲಿ ಅದು ಅಮೆರಿಕನ್ ಮೆಮರಿ ಎಂಬ ಹೆಸರಿನಲ್ಲಿ ತನ್ನ ಸಂಗ್ರಹದ ಒಂದು ಭಾಗವನ್ನು ಅಂತರ್ಜಾಲಕ್ಕೆ ತಂದಿತ್ತು. ಆದರೆ ಎಲ್ಲ ಪುಸ್ತಕಗಳನ್ನೂ ಡಿಜಿಟಲ್ ರೂಪಕ್ಕೆ ತರುವ ಮಾತನ್ನು ಗಟ್ಟಿಯಾಗಿ ಆಡಿ, ಕೂಡಲೇ ಕೈಗೆತ್ತಿಕೊಂಡದ್ದು ಒಂದು ಖಾಸಗಿ ಕಂಪನಿ.

2004ರ ಡಿಸೆಂಬರ್‌ನಲ್ಲಿ ಗೂಗಲ್ ಕಂಪನಿ ಹಾರ್ವರ್ಡ್, ಮಿಷಿಗನ್, ಸ್ಟ್ಯಾನ್‌ಫರ್ಡ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳು ಹಾಗೂ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಜೊತೆ ಒಪ್ಪಂದ ಮಾಡಿಕೊಂಡು ಕಪಾಟುಗಟ್ಟಲೆ ಪುಸ್ತಕಗಳನ್ನು ಸ್ಕ್ಯಾನ್ ಮಾಡುವುದಾಗಿ ಘೋಷಿಸಿತು. ಮರುವರ್ಷವೇ ಲೇಖಕರ ಸಂಘವಾದ ಆಥರ್ಸ್ ಗಿಲ್ಡ್ ಮತ್ತು ಪ್ರಕಾಶಕರು ಮೊಕದ್ದಮೆ ಹೂಡಿದರು. 2008ರ ಅಕ್ಟೋಬರ್‌ನಲ್ಲಿ ಉಭಯ ಪಕ್ಷಗಳೂ 12.5 ಕೋಟಿ ಡಾಲರ್‌ಗಳ ರಾಜಿಗೆ ಬಂದವು. ಆ ರಾಜಿಯ ಪ್ರಕಾರ ಗ್ರಂಥಾಲಯಗಳು ಚಂದಾ ಕಟ್ಟಿ ಈ ಭಂಡಾರವನ್ನು ಬಳಸಬೇಕಿತ್ತು. ತಮ್ಮದೇ ಕಪಾಟಿನಿಂದ ಹೋದ ಪುಸ್ತಕವನ್ನು ನೋಡಲು ಒಂದು ಕಂಪನಿಗೆ, ಅದು ಹೇಳಿದ ದರದಲ್ಲಿ, ಹಣ ತೆರಬೇಕಾದ ಪರಿಸ್ಥಿತಿ ಅದು. ಈ ಅಪಾಯವನ್ನು ಸಾರ್ವಜನಿಕವಾಗಿ ಎತ್ತಿ ಹೇಳಿದವರಲ್ಲಿ ಮುಖ್ಯರು ರಾಬರ್ಟ್ ಡಾರ್ನ್‌ಟನ್. ಹದಿನೆಂಟನೇ ಶತಮಾನದ ಫ್ರಾನ್ಸಿನ ಪುಸ್ತಕ ವ್ಯಾಪಾರ, ನಿಷೇಧಿತ ಪುಸ್ತಕಗಳ ಕಳ್ಳಸಾಗಣೆ ಮುಂತಾದವುಗಳ ಇತಿಹಾಸ ಬರೆದ ವಿದ್ವಾಂಸರು ಅವರು. 2007ರಿಂದ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದ ನಿರ್ದೇಶಕರಾಗಿದ್ದರು. ಪುಸ್ತಕ ಎಂಬುದು ಯಾರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಜೀವಮಾನವಿಡೀ ಅಧ್ಯಯನ ಮಾಡಿದವರಿಗೆ ಈ ರಾಜಿ ಕಳವಳ ಹುಟ್ಟಿಸಿದ್ದು ಸಹಜವೇ. 2011ರ ಮಾರ್ಚ್ 22ರಂದು ನ್ಯಾಯಾಧೀಶ ಡೆನ್ನಿ ಚಿನ್ ಆ ರಾಜಿಯನ್ನು ತಳ್ಳಿಹಾಕಿದರು. ಅಷ್ಟರಲ್ಲಿ ಡಾರ್ನ್‌ಟನ್ ಮತ್ತು ಅವರ ಜೊತೆಗಾರರು ಬೇರೆ ದಾರಿಯಲ್ಲಿ ಹೊರಟಾಗಿತ್ತು.

ಅವರ ಮುಂದೆ ಯೂರೋಪಿನ ಒಂದು ಮಾದರಿಯೂ ಇತ್ತು. ಹಲವು ದೇಶಗಳ ಸಂಗ್ರಹಗಳನ್ನು ಒಂದೇ ಹುಡುಕುಪುಟಕ್ಕೆ ತಂದ ಯೂರೋಪಿಯಾನಾ 2008ರ ನವೆಂಬರ್ 20ರಂದು ಆರಂಭವಾಗಿತ್ತು. ಮೊದಲ ದಿನವೇ ನುಗ್ಗಿದ ಜನಸಂದಣಿಯನ್ನು ತಾಳಲಾರದೆ ಅದನ್ನು ಮುಚ್ಚಿ, ಸರಿಪಡಿಸಿ, ಮತ್ತೆ ತೆರೆಯಬೇಕಾಯಿತು. ಹಳೆಯ ನಕ್ಷೆ, ಪತ್ರ, ಚಿತ್ರಗಳಿಗೆ ಇಷ್ಟು ಜನ ಕಾದಿದ್ದಾರೆಂದು ಅದನ್ನು ಕಟ್ಟಿದವರೂ ಎಣಿಸಿರಲಿಲ್ಲ.

ಯೋಜನೆಯ ಎರಡೂವರೆ ವರ್ಷ

2010ರ ಅಕ್ಟೋಬರ್ 1ರಂದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ, ಹಾರ್ವರ್ಡ್‌ನ ರ‍್ಯಾಡ್‌ಕ್ಲಿಫ್ ಸಂಸ್ಥೆಯಲ್ಲಿ, ಗ್ರಂಥಾಲಯ, ಪ್ರತಿಷ್ಠಾನ, ಸರ್ಕಾರ ಮತ್ತು ವಿದ್ವತ್ ವಲಯಗಳ ನಲವತ್ತಕ್ಕೂ ಹೆಚ್ಚು ಮಂದಿ ಸೇರಿದರು. ಗ್ರಂಥಾಲಯ, ವಿಶ್ವವಿದ್ಯಾಲಯ, ಪತ್ರಾಗಾರ, ವಸ್ತುಸಂಗ್ರಹಾಲಯಗಳ ಜೀವಂತ ಪರಂಪರೆಯನ್ನು ಎಲ್ಲರಿಗೂ ತಲುಪಿಸುವ ಮುಕ್ತ, ವಿಕೇಂದ್ರಿತ ಜಾಲವೊಂದನ್ನು ಕಟ್ಟಬೇಕೆಂದು ಅಲ್ಲಿ ಒಪ್ಪಿಗೆಯಾಯಿತು. ಆ ವರ್ಷದ ಕೊನೆಗೆ ಹಾರ್ವರ್ಡ್‌ನ ಬರ್ಕ್‌ಮನ್ ಕೇಂದ್ರ ಯೋಜನೆಯ ಹೊಣೆ ಹೊತ್ತಿತು, ಆಲ್ಫ್ರೆಡ್ ಪಿ. ಸ್ಲೋನ್ ಪ್ರತಿಷ್ಠಾನ ಹಣ ಕೊಟ್ಟಿತು. ಕಾನೂನು ಪ್ರಾಧ್ಯಾಪಕ ಜಾನ್ ಪಾಲ್‌ಫ್ರಿ ಮಾರ್ಗದರ್ಶಕ ಸಮಿತಿಯ ಅಧ್ಯಕ್ಷರಾದರು.

ಕೆಲಸವನ್ನು ಆರು ತಂಡಗಳಿಗೆ ಹಂಚಲಾಯಿತು. ಓದುಗರು ಯಾರು, ಏನೇನು ಸೇರಬೇಕು, ಹಣ ಎಲ್ಲಿಂದ, ಆಡಳಿತ ಹೇಗೆ, ಕಾನೂನು ಏನನ್ನುತ್ತದೆ, ತಂತ್ರಜ್ಞಾನ ಯಾವುದು ಎಂಬ ಆರು ಪ್ರಶ್ನೆಗಳಿಗೆ ಆರು ತಂಡ. ತಂತ್ರಜ್ಞಾನ ಆರರಲ್ಲಿ ಒಂದು ಮಾತ್ರ ಆಗಿತ್ತು ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಬೇರೆ ಕಡೆ ಇಂಥ ಯೋಜನೆಗಳು ಸಾಮಾನ್ಯವಾಗಿ ತಂತ್ರಾಂಶದ ಟೆಂಡರಿನಿಂದ ಶುರುವಾಗಿ ಅಲ್ಲೇ ಮುಗಿದುಹೋಗುತ್ತವೆ. 2011ರಲ್ಲಿ ಬೀಟಾ ಸ್ಪ್ರಿಂಟ್ ಎಂಬ ಬಹಿರಂಗ ಆಹ್ವಾನದ ಮೂಲಕ ಮಾದರಿಗಳನ್ನು ತಯಾರಿಸಿ ತೋರಿಸುವಂತೆ ಯಾರನ್ನು ಬೇಕಾದರೂ ಕರೆಯಲಾಯಿತು. ಅದೇ ವರ್ಷದ ಅಕ್ಟೋಬರ್ 21ರಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಮೊದಲ ಮಹಾಸಭೆ ನಡೆದಾಗ ಸ್ಲೋನ್ ಮತ್ತು ಆರ್ಕೇಡಿಯಾ ನಿಧಿಗಳು ಒಟ್ಟಿಗೆ 50 ಲಕ್ಷ ಡಾಲರ್ ಘೋಷಿಸಿದವು. ಮುಂದಿನ ಸಭೆಗಳು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊಗಳಲ್ಲಿ ಸೇರಿದವು.

ಈ ಅವಧಿಯ ಅತಿ ಕಹಿಯಾದ ವಿವಾದ ಹುಟ್ಟಿದ್ದು ಹೆಸರಿನ ಸುತ್ತ. ರಾಜ್ಯಗಳ ಗ್ರಂಥಾಲಯ ಇಲಾಖೆಗಳ ಮುಖ್ಯಸ್ಥರ ಒಕ್ಕೂಟ 2011ರಲ್ಲಿ ಒಂದು ನಿರ್ಣಯ ಅಂಗೀಕರಿಸಿ, ಹೆಸರಿನಿಂದ ಸಾರ್ವಜನಿಕ ಎಂಬ ಮಾತನ್ನು ತೆಗೆಯುವಂತೆ ಕೇಳಿಕೊಂಡಿತು. ದೇಶಕ್ಕೆಲ್ಲ ಒಂದು ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಬಂದ ಮೇಲೆ ಊರಿನ ಗ್ರಂಥಾಲಯಕ್ಕೆ ಹಣ ಏಕೆ ಎಂದು ಪುರಸಭೆಯವರು ಕೇಳಿದರೆ ಏನು ಹೇಳುವುದು ಎಂಬುದು ಅವರ ಭಯ. ಆರ್ಥಿಕ ಹಿಂಜರಿತದಿಂದ ಆಗಲೇ ಅನುದಾನಗಳು ಕಡಿತಗೊಂಡಿದ್ದ ಕಾಲ. ಹೆಸರು ಬದಲಾಗಲಿಲ್ಲ. ಆದರೂ ಆ ಗ್ರಂಥಪಾಲಕರ ಅಂಜಿಕೆ ಸರಿಯಾದದ್ದೇ ಆಗಿತ್ತು. ಊರಿನ ಗ್ರಂಥಾಲಯಕ್ಕೆ ಬರುವ ಬಹುಪಾಲು ಜನರಿಗೆ ಬೇಕಾದದ್ದು ಈ ವರ್ಷ ಬಂದ ಕಾದಂಬರಿ, ಮಕ್ಕಳ ಕಥೆ, ನೌಕರಿಯ ಅರ್ಜಿ ತುಂಬಲು ಒಂದು ಕಂಪ್ಯೂಟರ್, ಕೂತುಕೊಳ್ಳಲು ಬೆಚ್ಚನೆಯ ಜಾಗ. ಡಿಪಿಎಲ್ಎ ಇವಾವುದನ್ನೂ ಆರಂಭದಲ್ಲಿ ಕೊಡುವಂತಿರಲಿಲ್ಲ.

ಕೂಡಿಡದೆ ಜೋಡಿಸುವ ನಿರ್ಧಾರ

ಯೋಜನೆಯ ಅತ್ಯಂತ ಫಲಪ್ರದ ನಿರ್ಧಾರವೆಂದರೆ, ಪುಸ್ತಕ ಅಥವಾ ಚಿತ್ರದ ಡಿಜಿಟಲ್ ಪ್ರತಿಯನ್ನು ತಾನು ಇಟ್ಟುಕೊಳ್ಳುವುದಿಲ್ಲ ಎಂದು ಡಿಪಿಎಲ್ಎ ಮೊದಲೇ ತೀರ್ಮಾನಿಸಿದ್ದು. ಪ್ರತಿ ಇರುವುದು ಮೂಲ ಸಂಸ್ಥೆಯಲ್ಲೇ. ಡಿಪಿಎಲ್ಎ ಇಟ್ಟುಕೊಳ್ಳುವುದು ಅದರ ವಿವರ, ಒಂದು ಪುಟ್ಟ ಚಿತ್ರ, ಮೂಲಕ್ಕೆ ಹೋಗುವ ಕೊಂಡಿ, ಇಷ್ಟೇ. ವಿವರವೆಂದರೆ ಶೀರ್ಷಿಕೆ, ಕರ್ತೃ, ಕಾಲ, ಸ್ಥಳ, ವಿಷಯ, ಹಕ್ಕುಸ್ವಾಮ್ಯದ ಸ್ಥಿತಿ. ಗ್ರಂಥಪಾಲಕರು ಮೆಟಾಡೇಟಾ ಎನ್ನುವುದು ಇದಕ್ಕೇ.

ಹಾಗೆಂದು ದೇಶದ ಸಾವಿರಾರು ಸಂಸ್ಥೆಗಳ ಜೊತೆ ಒಂದೊಂದಾಗಿ ವ್ಯವಹರಿಸುವುದು ಆಗದ ಮಾತು. ಅದಕ್ಕೆ ಹಬ್ ಎಂಬ ಎರಡು ಬಗೆಯ ಕೇಂದ್ರಗಳನ್ನು ಕಲ್ಪಿಸಿಕೊಂಡರು. ಸ್ಮಿತ್ಸೋನಿಯನ್, ರಾಷ್ಟ್ರೀಯ ಪತ್ರಾಗಾರ, ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ, ಹಾರ್ವರ್ಡ್‌ಗಳಂಥ ದೊಡ್ಡ ಸಂಸ್ಥೆಗಳು ನೇರವಾಗಿ ಲಕ್ಷಗಟ್ಟಲೆ ವಿವರ ಕೊಡುವ ಸಂಗ್ರಹ ಕೇಂದ್ರಗಳು. ಒಂದು ರಾಜ್ಯದ ಅಥವಾ ಪ್ರದೇಶದ ಸಣ್ಣಪುಟ್ಟ ಸಂಸ್ಥೆಗಳನ್ನು ಒಟ್ಟುಗೂಡಿಸಿ, ಅವುಗಳಿಗೆ ಸ್ಕ್ಯಾನಿಂಗ್ ಮತ್ತು ತರಬೇತಿಯ ನೆರವು ನೀಡಿ, ಅವುಗಳ ಪರವಾಗಿ ವಿವರ ಕಳಿಸುವವು ಸೇವಾ ಕೇಂದ್ರಗಳು. ಜಾರ್ಜಿಯಾ, ಕೆಂಟಕಿ, ಮಿನೆಸೊಟಾ, ಮ್ಯಾಸಚೂಸೆಟ್ಸ್, ದಕ್ಷಿಣ ಕ್ಯಾರೊಲೈನಾ ಮತ್ತು ಪಶ್ಚಿಮದ ಗುಡ್ಡಗಾಡು ರಾಜ್ಯಗಳಲ್ಲಿ ಇಂಥ ಸಹಕಾರಿ ಸಂಘಟನೆಗಳು ಆಗಲೇ ಇದ್ದವು. ಹೊಸದನ್ನು ಹುಟ್ಟುಹಾಕದೆ ಇದ್ದದ್ದನ್ನು ಬಳಸಿಕೊಂಡದ್ದು ವಿವೇಕದ ಕೆಲಸ. ಮಾನವಿಕ ಅಧ್ಯಯನಗಳ ರಾಷ್ಟ್ರೀಯ ದತ್ತಿನಿಧಿ 2012ರಲ್ಲಿ ಈ ಕೇಂದ್ರಗಳಿಗೆಂದೇ 10 ಲಕ್ಷ ಡಾಲರ್ ಕೊಟ್ಟಿತು.

ಒಂದು ವಸ್ತು ಇಲ್ಲಿ ಹೇಗೆ ಸಾಗುತ್ತದೆಂದು ನೋಡಬಹುದು. ಜಾರ್ಜಿಯಾ ರಾಜ್ಯದ ಒಂದು ಸಣ್ಣ ಊರಿನ ಗ್ರಂಥಾಲಯದಲ್ಲಿ ಹತ್ತಿ ಗಿರಣಿಯ ಹಳೆಯ ಛಾಯಾಚಿತ್ರವೊಂದು ಇದೆ ಎಂದಿಟ್ಟುಕೊಳ್ಳೋಣ. ಗ್ರಂಥಪಾಲಕಿ ಅದನ್ನು ಸ್ಕ್ಯಾನ್ ಮಾಡಿ ಕಾಲದ ಜಾಗದಲ್ಲಿ ಸುಮಾರು 1920 ಎಂದೂ ಸ್ಥಳದ ಜಾಗದಲ್ಲಿ ಅಥೆನ್ಸ್ ಎಂದೂ ಬರೆಯುತ್ತಾರೆ. ಆ ವಿವರ ಡಿಜಿಟಲ್ ಲೈಬ್ರರಿ ಆಫ್ ಜಾರ್ಜಿಯಾಕ್ಕೆ ಹೋಗುತ್ತದೆ. ಅದು ಇರುವುದು ಅದೇ ಅಥೆನ್ಸ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ, ಆದ್ದರಿಂದ ಅಲ್ಲಿ ಯಾರಿಗೂ ಗೊಂದಲವಿಲ್ಲ. ಅಲ್ಲಿಂದ ಡಿಪಿಎಲ್ಎಯ ಕೊಯ್ಲು ತಂತ್ರಾಂಶ ವಿವರವನ್ನು ಎತ್ತಿಕೊಂಡು ರಾಷ್ಟ್ರಮಟ್ಟದ ಭಂಡಾರಕ್ಕೆ ಹಾಕಿದಾಗ ಕಥೆ ಬದಲಾಗುತ್ತದೆ. ಈ ಅಥೆನ್ಸ್ ಜಾರ್ಜಿಯಾದ್ದು. ಓಹಾಯೊದಲ್ಲಿ ಇನ್ನೊಂದು ಅಥೆನ್ಸ್ ಇದೆ, ಗ್ರೀಸ್ ದೇಶದ್ದಂತೂ ಇದ್ದೇ ಇದೆ. ಯಂತ್ರಕ್ಕೆ ಇದು ತಿಳಿಯದಿದ್ದರೆ ಆ ಹತ್ತಿ ಗಿರಣಿ ನಕ್ಷೆಯ ಮೇಲೆ ಮೆಡಿಟರೇನಿಯನ್ ದಡದಲ್ಲಿ ಕಾಣಿಸಿಕೊಳ್ಳುತ್ತದೆ. ಸುಮಾರು 1920 ಎಂಬ ಮಾತನ್ನು ಕಾಲರೇಖೆಯ ಮೇಲೆ ಇಡಲು ಅದನ್ನು ಒಂದು ಖಚಿತ ಅವಧಿಯಾಗಿ ಪರಿವರ್ತಿಸಬೇಕು. ಇಂಥ ಲಕ್ಷಾಂತರ ದಾಖಲೆಗಳನ್ನು ಒಂದು ಶಿಸ್ತಿಗೆ ತರಲು ಯೂರೋಪಿಯಾನಾದ ದತ್ತಾಂಶ ಮಾದರಿಯನ್ನು ಆಧರಿಸಿ ಡಿಪಿಎಲ್ಎ ತನ್ನದೇ ಮಾದರಿಯೊಂದನ್ನು ರೂಪಿಸಿತು. ಮುಂದೊಂದು ದಿನ ಎರಡು ಖಂಡಗಳ ಭಂಡಾರಗಳು ಪರಸ್ಪರ ಮಾತಾಡಲಿ ಎಂಬ ದೂರದೃಷ್ಟಿ ಆ ಆಯ್ಕೆಯ ಹಿಂದಿತ್ತು.

ವಿವರಗಳೆಲ್ಲವನ್ನೂ ಯಾವ ಷರತ್ತೂ ಇಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಡಬೇಕೆಂದು ಪಾಲುದಾರರನ್ನು ಒಪ್ಪಿಸಿದ್ದು ಇನ್ನೊಂದು ಸಾಧನೆ. ಯಾವ ತಂತ್ರಜ್ಞನಾದರೂ ಎಪಿಐ, ಅಂದರೆ ಒಂದು ತಂತ್ರಾಂಶ ಇನ್ನೊಂದರಿಂದ ದತ್ತಾಂಶ ಪಡೆಯುವ ಕಿಂಡಿಯ ಮೂಲಕ ಅವುಗಳನ್ನು ಎತ್ತಿಕೊಂಡು ಹೊಸದೊಂದು ಸಾಧನ ಕಟ್ಟಬಹುದು. ಮುಂದೆ ಲಕ್ಷಾಂತರ ಚಿತ್ರಗಳು ವಿಕಿಮೀಡಿಯ ಕಾಮನ್ಸ್ ಸೇರಿ ವಿಕಿಪೀಡಿಯದ ಪುಟಗಳಲ್ಲಿ ಕಾಣಿಸಿಕೊಂಡದ್ದಕ್ಕೆ ಈ ಔದಾರ್ಯವೇ ಕಾರಣ.

ಈ ತಾಣದಲ್ಲಿ ಹುಡುಕುವವರು ಫಲಿತಾಂಶಗಳನ್ನು ಕಾಲ, ಸ್ಥಳ, ವಸ್ತುವಿನ ಬಗೆ, ವಿಷಯ, ಸಂಸ್ಥೆ ಎಂಬ ಮುಖಗಳ ಮೂಲಕ ಸೋಸುತ್ತ ಹೋಗಬಹುದು. ಒಂದು ವಸ್ತುವನ್ನು ಒಂದೇ ಕಪಾಟಿನ ಒಂದೇ ಗೂಡಿಗೆ ಕಟ್ಟಿಹಾಕದೆ ಹಲವು ಮುಖಗಳಿಂದ ವಿಶ್ಲೇಷಿಸುವ ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಅಗ್ರಗಣ್ಯರು ಭಾರತದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣದ ಬೆನ್ನೆಲುಬೇ ಅದು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಇಲ್ಲೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಇಂದು ಅಂಗಡಿ ತಾಣಗಳಲ್ಲಿ ಬೆಲೆ, ಬಣ್ಣ, ಅಳತೆಗಳ ಪ್ರಕಾರ ಸೋಸಿ ಹುಡುಕುವವರು ಕೂಡ ಗೊತ್ತಿಲ್ಲದೆಯೇ ಆ ಚಿಂತನೆಯ ಫಲ ಉಣ್ಣುತ್ತಿದ್ದಾರೆ.

ಹಕ್ಕುಸ್ವಾಮ್ಯದ ಗೋಡೆ

ಯೋಜನಾ ಸಭೆಗಳಲ್ಲಿ ಎಲ್ಲ ಉತ್ಸಾಹವೂ ಬಂದು ನಿಲ್ಲುತ್ತಿದ್ದದ್ದು 1923ರ ಹತ್ತಿರ. ಅದಕ್ಕೂ ಮುಂಚೆ ಅಮೆರಿಕದಲ್ಲಿ ಪ್ರಕಟವಾದ ಕೃತಿಗಳು ಸಾರ್ವಜನಿಕ ಸ್ವತ್ತು. ಆದರೆ 1998ರ ಕಾಯ್ದೆ ಸ್ವಾಮ್ಯದ ಅವಧಿಯನ್ನು ಇಪ್ಪತ್ತು ವರ್ಷ ಹಿಗ್ಗಿಸಿದ್ದರಿಂದ, 2019ರ ಜನವರಿ 1ರವರೆಗೆ ಆ ಗೆರೆ ಅಲ್ಲಾಡಲಿಲ್ಲ. 1923ರಿಂದ 1963ರ ನಡುವೆ ಅಲ್ಲಿ ಪ್ರಕಟವಾದ ಪುಸ್ತಕಗಳ ಸ್ವಾಮ್ಯವನ್ನು ಇಪ್ಪತ್ತೆಂಟನೆಯ ವರ್ಷದಲ್ಲಿ ನವೀಕರಿಸಬೇಕಿತ್ತು. ಎಷ್ಟೋ ಪುಸ್ತಕಗಳಿಗೆ ಯಾರೂ ನವೀಕರಣ ಮಾಡಿಸಲಿಲ್ಲ. ಅವೆಲ್ಲ ಈಗ ಸ್ವತಂತ್ರ. ಆದರೆ ಯಾವುವು ಸ್ವತಂತ್ರವೆಂದು ತಿಳಿಯಲು ಹಳೆಯ ನೋಂದಣಿ ದಾಖಲೆಗಳನ್ನು ಒಂದೊಂದಾಗಿ ತಿರುವಿ ನೋಡಬೇಕು. ಇದಲ್ಲದೆ ಹಕ್ಕುದಾರರು ಯಾರೆಂದೇ ಪತ್ತೆಯಾಗದ ಅನಾಥ ಕೃತಿಗಳ ದೊಡ್ಡ ರಾಶಿ ಬೇರೆ.

ಹೀಗಾಗಿ ಡಿಪಿಎಲ್ಎ ಮೊದಲು ತೆರೆದದ್ದು ಛಾಯಾಚಿತ್ರ, ಪತ್ರ, ಭೂಪಟ, ಭಿತ್ತಿಪತ್ರ, ಹಳೆಯ ಮುದ್ರಿತ ಪುಸ್ತಕಗಳ ಭಂಡಾರವಾಗಿ. ಚರಿತ್ರಕಾರರಿಗೂ ವಂಶವೃಕ್ಷ ಹುಡುಕುವವರಿಗೂ ಶಾಲಾ ಶಿಕ್ಷಕರಿಗೂ ಅದು ನಿಧಿ. ಸಮಕಾಲೀನ ಪುಸ್ತಕ ಕೇಳುವ ಸಾಮಾನ್ಯ ಓದುಗರಿಗೆ ಬಾಗಿಲು ಅಷ್ಟಾಗಿ ತೆರೆಯಲಿಲ್ಲ. ಹಕ್ಕಿನ ವಿಷಯದಲ್ಲಿ ಸಂಸ್ಥೆಗಳು ಮನಸ್ಸಿಗೆ ಬಂದಂತೆ ಬರೆಯುತ್ತಿದ್ದ ಸಾವಿರಾರು ಬಗೆಯ ಒಕ್ಕಣೆಗಳನ್ನು ತಪ್ಪಿಸಲು ಯೂರೋಪಿಯಾನಾ ಜೊತೆ ಸೇರಿ 2016ರಲ್ಲಿ ಸಿದ್ಧಪಡಿಸಿದ ಪ್ರಮಾಣಿತ ಹಕ್ಕುಹೇಳಿಕೆಗಳು ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ಈ ಚಿತ್ರವನ್ನು ನನ್ನ ಪುಸ್ತಕದಲ್ಲಿ ಅಚ್ಚು ಹಾಕಬಹುದೇ ಎಂಬ ಓದುಗನ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಸಿಗುವುದು ಸಣ್ಣ ಉಪಕಾರವಲ್ಲ.

ಈ ಗೋಡೆಯನ್ನು ದಾಟಿದ ದೇಶವೆಂದರೆ ನಾರ್ವೆ. ಅದರ ರಾಷ್ಟ್ರೀಯ ಗ್ರಂಥಾಲಯ 2006ರಲ್ಲಿ ತನ್ನ ಸಂಪೂರ್ಣ ಸಂಗ್ರಹವನ್ನು ಡಿಜಿಟಲ್ ಮಾಡಲು ಹೊರಟಿತು. ಹಕ್ಕುದಾರರ ಒಕ್ಕೂಟಕ್ಕೆ ಪ್ರತಿ ಪುಟದ ಲೆಕ್ಕದಲ್ಲಿ ಸರ್ಕಾರವೇ ಹಣ ಕೊಟ್ಟು, ಇಪ್ಪತ್ತನೇ ಶತಮಾನದ ಕೊನೆಯವರೆಗಿನ ನಾರ್ವೇಜಿಯನ್ ಪುಸ್ತಕಗಳನ್ನು ದೇಶದೊಳಗಿನ ಓದುಗರಿಗೆ ತೆರೆದಿಟ್ಟಿತು. ಒಕ್ಕೂಟದ ಸದಸ್ಯರಲ್ಲದ ಲೇಖಕರಿಗೂ ಒಪ್ಪಂದ ಅನ್ವಯಿಸುವಂತೆ ಅಲ್ಲಿನ ಕಾನೂನೇ ದಾರಿ ಮಾಡಿಕೊಟ್ಟಿದೆ; ಬೇಡವೆಂದವರು ಹೊರಗುಳಿಯಬಹುದು. ಸಣ್ಣ ಭಾಷೆಯೊಂದು ತನ್ನ ಸಾಹಿತ್ಯವನ್ನು ತನ್ನ ಜನಕ್ಕೆ ಹೀಗೆ ಒಪ್ಪಿಸಿದ್ದು, ನನ್ನ ದೃಷ್ಟಿಯಲ್ಲಿ, ಡಿಪಿಎಲ್ಎಗಿಂತಲೂ ದೊಡ್ಡ ಸಾಧನೆ.

ಉದ್ಘಾಟನೆ ಮತ್ತು ಮುಂದಿನ ದಾರಿ

2013ರ ಏಪ್ರಿಲ್ 18ರಂದು ಬಾಸ್ಟನ್ ಪಬ್ಲಿಕ್ ಲೈಬ್ರರಿಯಲ್ಲಿ ಉದ್ಘಾಟನೆ ನಿಗದಿಯಾಗಿತ್ತು. 1848ರಲ್ಲಿ ಸ್ಥಾಪನೆಯಾದ, ಎಲ್ಲರಿಗೂ ಉಚಿತ ಎಂಬ ಒಕ್ಕಣೆಯನ್ನು ಬಾಗಿಲ ಮೇಲೆ ಕೆತ್ತಿಸಿಕೊಂಡಿರುವ ಗ್ರಂಥಾಲಯ ಅದು. ಬಾಸ್ಟನ್ ಮ್ಯಾರಥಾನ್ ಮುಗಿಯುವ ಗೆರೆ ಇರುವುದು ಅದರ ಪಕ್ಕದ ರಸ್ತೆಯಲ್ಲೇ. ಏಪ್ರಿಲ್ 15ರಂದು ಆ ಗೆರೆಯ ಬಳಿ ಬಾಂಬುಗಳು ಸಿಡಿದು ಮೂವರು ಸತ್ತರು, ನೂರಾರು ಮಂದಿ ಗಾಯಗೊಂಡರು. ಇಡೀ ಪ್ರದೇಶವನ್ನು ಪೊಲೀಸರು ಸುತ್ತುವರಿದರು, ಗ್ರಂಥಾಲಯ ಮುಚ್ಚಿತು, ಸಮಾರಂಭ ರದ್ದಾಯಿತು. ಮೊದಲ ಕಾರ್ಯನಿರ್ವಾಹಕ ನಿರ್ದೇಶಕರಾಗಿ ಆಗಷ್ಟೇ ನೇಮಕವಾಗಿದ್ದ ಇತಿಹಾಸಕಾರ ಡ್ಯಾನ್ ಕೋಹೆನ್ ಮತ್ತು ಸಂಗಡಿಗರು ತಾಣವನ್ನು ಗೊತ್ತಾದ ದಿನವೇ, ಮಧ್ಯಾಹ್ನ ಹನ್ನೆರಡಕ್ಕೆ, ಯಾವ ಸಡಗರವೂ ಇಲ್ಲದೆ ತೆರೆದರು. ಆಗ ಅದರಲ್ಲಿದ್ದದ್ದು ಸುಮಾರು 24 ಲಕ್ಷ ದಾಖಲೆಗಳು. ಕೆಲವೇ ತಿಂಗಳಲ್ಲಿ ವಿಶ್ವವಿದ್ಯಾಲಯಗಳ ಡಿಜಿಟಲ್ ಭಂಡಾರವಾದ ಹಾಥಿಟ್ರಸ್ಟ್ ಕೂಡ ಸೇರಿತು. ಮುಂದಿನ ವರ್ಷಗಳಲ್ಲಿ ದಾಖಲೆಗಳ ಸಂಖ್ಯೆ 4 ಕೋಟಿ ದಾಟಿತು.

ಸಂಖ್ಯೆ ಬೆಳೆದಷ್ಟು ಸುಲಭವಾಗಿ ಹಣದ ಮೂಲ ಬೆಳೆಯಲಿಲ್ಲ. ಡಿಪಿಎಲ್ಎ ಸರ್ಕಾರಿ ಇಲಾಖೆಯಾಗದೆ ಲಾಭರಹಿತ ಸಂಸ್ಥೆಯಾಗಿ ನಿಂತದ್ದರಿಂದ ರಾಜಕೀಯದ ಹಿಡಿತ ತಪ್ಪಿತು, ಜೊತೆಗೆ ಖಾಯಂ ಆದಾಯವೂ ತಪ್ಪಿತು. ಪ್ರತಿಷ್ಠಾನಗಳು ಹೊಸದನ್ನು ಹುಟ್ಟಿಸಲು ಉತ್ಸಾಹದಿಂದ ಕೊಡುತ್ತವೆ. ಹತ್ತನೇ ವರ್ಷದ ಸರ್ವರ್ ಬಾಡಿಗೆಗೆ ಅದೇ ಉತ್ಸಾಹ ಇರುವುದಿಲ್ಲ. ಪಾಲುದಾರ ಕೇಂದ್ರಗಳಿಂದ ಸದಸ್ಯತ್ವ ಶುಲ್ಕ ಪಡೆಯುವ ಪದ್ಧತಿ ಬಂತು. 2018ರ ಕೊನೆಯಲ್ಲಿ ಸಿಬ್ಬಂದಿಯನ್ನು ಕಡಿತ ಮಾಡಬೇಕಾಯಿತು. ಸಂಸ್ಥೆ ಕ್ರಮೇಣ ಇ-ಪುಸ್ತಕಗಳತ್ತಲೂ ಹೊರಳಿ, ಗ್ರಂಥಾಲಯಗಳು ಪ್ರಕಾಶಕರಿಂದ ಮೇಲಾದ ಷರತ್ತುಗಳಲ್ಲಿ ಇ-ಪುಸ್ತಕ ಪಡೆಯುವ ವ್ಯವಸ್ಥೆ ಕಟ್ಟಲು ತೊಡಗಿತು. 2021ರಲ್ಲಿ ಅಮೆಜಾನ್ ಪ್ರಕಾಶನದ ಇ-ಪುಸ್ತಕಗಳನ್ನು ಮೊದಲ ಸಲ ಗ್ರಂಥಾಲಯಗಳಿಗೆ ತಂದ ಒಪ್ಪಂದ ಅದರದ್ದೇ. ಅದಕ್ಕೆ ಹತ್ತು ವರ್ಷ ಹಿಂದೆ, ಹೆಸರಿನ ವಿವಾದದ ಹೊತ್ತಿನಲ್ಲಿ, ಡಿಪಿಎಲ್ಎ ಕೊಡಲಾರದೆ ಇದ್ದದ್ದೂ ಓದುಗರಿಗೆ ಬೇಕಾದ ಇಂಥ ಪುಸ್ತಕಗಳನ್ನೇ.

ಭಾರತ ಮತ್ತು ಕನ್ನಡ

ಅಮೆರಿಕದ ಡಿಜಿಟಲ್ ಗ್ರಂಥಾಲಯ ಪ್ರಯತ್ನಗಳಿಗೂ ಬೆಂಗಳೂರಿಗೂ ನೇರ ನಂಟಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ಹತ್ತು ಲಕ್ಷ ಪುಸ್ತಕಗಳ ಯೋಜನೆಯಲ್ಲಿ ಭಾರತ ಮತ್ತು ಚೀನಾ ದೊಡ್ಡ ಪಾಲುದಾರರು. ಭಾರತದ ಭಾಗವಾದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾವನ್ನು ಎನ್. ಬಾಲಕೃಷ್ಣನ್ ಅವರ ಮುಂದಾಳುತನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮುನ್ನಡೆಸಿತು. ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದದ್ದು ಆ ಯೋಜನೆಯಲ್ಲೇ. ಅವುಗಳಲ್ಲಿ ಬಹಳಷ್ಟು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಮುದ್ರಣ ಕಾಣದೆ ದಶಕಗಳಾದ ಪುಸ್ತಕ ಕೈಗೆ ಸಿಕ್ಕ ಸಂತೋಷ ಕನ್ನಡದ ಅನೇಕ ಸಂಶೋಧಕರಿಗೆ ಗೊತ್ತಿದೆ. ಅದನ್ನು ಹುಡುಕಲು ಪಟ್ಟ ಪಾಡೂ ಗೊತ್ತಿದೆ. ಶೀರ್ಷಿಕೆಗಳು ರೋಮನ್ ಅಕ್ಷರದಲ್ಲಿ, ದೀರ್ಘ ಹ್ರಸ್ವಗಳ ಗೊಡವೆಯಿಲ್ಲದೆ, ಒಂದೊಂದು ಕಡೆ ಒಂದೊಂದು ರೀತಿಯಲ್ಲಿ ದಾಖಲಾದವು. ಕನ್ನಡ ಲಿಪಿಯಲ್ಲಿ ಹೆಸರು ಬರೆದು ಹುಡುಕಿದವರಿಗೆ ಎದುರಿಗಿದ್ದ ಪುಸ್ತಕವೂ ಕಾಣುವುದಿಲ್ಲ.

ಐಐಟಿ ಖರಗಪುರ ನಡೆಸುವ ನ್ಯಾಷನಲ್ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ 2018ರ ಜೂನ್ 19ರಂದು ದೇಶಕ್ಕೆ ಸಮರ್ಪಣೆಯಾಯಿತು. ಡಿಪಿಎಲ್ಎಯಂತೆ ಇದೂ ಬೇರೆ ಬೇರೆ ಸಂಸ್ಥೆಗಳ ಭಂಡಾರಗಳಿಂದ ವಿವರ ತರಿಸಿ ಒಂದೇ ಹುಡುಕುಕಿಂಡಿಯಲ್ಲಿ ಜೋಡಿಸುತ್ತದೆ. ಆದರೆ ಇದರ ಒಲವು ಹೆಚ್ಚಾಗಿ ಪಠ್ಯ, ಪರೀಕ್ಷೆ, ಸಂಶೋಧನಾ ಪ್ರಬಂಧಗಳ ಕಡೆಗೆ. 2023ರ ಕೇಂದ್ರ ಬಜೆಟ್ ಮಕ್ಕಳು ಮತ್ತು ಹದಿಹರೆಯದವರಿಗಾಗಿ ಪ್ರತ್ಯೇಕ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಘೋಷಿಸಿ, ಪಂಚಾಯಿತಿ ಮಟ್ಟದಲ್ಲಿ ಗ್ರಂಥಾಲಯ ಕಟ್ಟಲು ರಾಜ್ಯಗಳಿಗೆ ಸೂಚಿಸಿತು.

ಹಣದ ವಿಷಯದಲ್ಲಿ ಕರ್ನಾಟಕದ ಸ್ಥಿತಿ ಡಿಪಿಎಲ್ಎಗಿಂತ ಭದ್ರ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರ ವಸೂಲು ಮಾಡುತ್ತವೆ. ಅಮೆರಿಕದ ಯೋಜಕರು ಪ್ರತಿಷ್ಠಾನಗಳ ಬಾಗಿಲು ಬಡಿಯುತ್ತ ಹುಡುಕಿದ ಖಾಯಂ ಆದಾಯದ ಸೂತ್ರ ಇಲ್ಲಿ ಅರವತ್ತು ವರ್ಷಗಳಿಂದ ಕಾನೂನಿನಲ್ಲೇ ಇದೆ. ಆದರೆ ಸಂಗ್ರಹವಾದ ಕರ ಗ್ರಂಥಾಲಯಗಳಿಗೆ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ತಲುಪಬೇಕು.

ಹಕ್ಕಿನ ಲೆಕ್ಕವೂ ಇಲ್ಲಿ ಸರಳ. ಭಾರತದಲ್ಲಿ ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ ಅರವತ್ತು ವರ್ಷ ಸ್ವಾಮ್ಯ ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ಬರಹ 2007ರಿಂದ ಎಲ್ಲರದ್ದು. 1963ರಲ್ಲಿ ತೀರಿಕೊಂಡ ಮಂಜೇಶ್ವರ ಗೋವಿಂದ ಪೈಗಳ ಕೃತಿಗಳು 2024ರ ಜನವರಿ 1ರಿಂದ ಸ್ವತಂತ್ರ. ಬೇಂದ್ರೆಯವರಿಗಾಗಿ 2042ರವರೆಗೆ, ಕುವೆಂಪು ಅವರಿಗಾಗಿ 2055ರವರೆಗೆ ಕಾಯಬೇಕು. 2012ರ ತಿದ್ದುಪಡಿಯ ನಂತರ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಮುದ್ರಿತ ಪುಸ್ತಕದ ಡಿಜಿಟಲ್ ಪ್ರತಿಯನ್ನು ಸಂರಕ್ಷಣೆಗಾಗಿ ಇಟ್ಟುಕೊಳ್ಳಬಹುದು. ಅಂದರೆ ಗೆದ್ದಲು ಹಿಡಿಯುವ ಮೊದಲೇ ಪ್ರತಿ ತೆಗೆದಿಡಲು ಕಾನೂನಿನ ಅಡ್ಡಿಯಿಲ್ಲ.

ಉಳಿಯುವುದು ವಿವರದ ಕೆಲಸ. ಕನ್ನಡ ಭಂಡಾರವೊಂದರಲ್ಲಿ ಅಂಬಿಕಾತನಯದತ್ತ ಎಂದು ಹುಡುಕಿದವರಿಗೆ ದ.ರಾ. ಬೇಂದ್ರೆ ಸಿಗಬೇಕು, ಶ್ರೀನಿವಾಸ ಎಂದರೆ ಮಾಸ್ತಿಯವರ ಕಥೆಗಳು ಬರಬೇಕು, ಅದೇ ಹೆಸರಿನ ಉಳಿದ ನೂರಾರು ಲೇಖಕರು ಬೇರೆಯಾಗಿ ನಿಲ್ಲಬೇಕು, ಕೆ.ವಿ. ಪುಟ್ಟಪ್ಪ ಮತ್ತು ಕುವೆಂಪು ಒಂದೇ ದಾಖಲೆಗೆ ಸೇರಬೇಕು. ಕಾವ್ಯನಾಮ, ಊರಿನ ಹೆಸರು, ಇನಿಷಿಯಲ್ಲು, ಲಿಪ್ಯಂತರದ ಎಲ್ಲ ರೂಪಗಳನ್ನೂ ಒಬ್ಬ ಲೇಖಕನ ಒಂದೇ ಗುರುತಿಗೆ ಕಟ್ಟುವ ಇಂಥ ಪಟ್ಟಿಯನ್ನು ಗ್ರಂಥಪಾಲಕರು ಪ್ರಾಧಿಕೃತ ನಾಮಸೂಚಿ ಎನ್ನುತ್ತಾರೆ. ಇದಕ್ಕೆ ದುಬಾರಿ ಯಂತ್ರ ಬೇಡ. ಕನ್ನಡ ಸಾಹಿತ್ಯ ಬಲ್ಲ ಗ್ರಂಥಪಾಲಕರು, ಅವರಿಗೆ ಸಂಬಳ, ಒಪ್ಪಿದ ಒಂದು ನಿಯಮಾವಳಿ ಮತ್ತು ಕೆಲವು ವರ್ಷಗಳ ಬಿಡುವಿಲ್ಲದ ದುಡಿಮೆ ಬೇಕು. ಹೊಸ ಪುಸ್ತಕಗಳ ಸ್ಕ್ಯಾನಿಂಗ್‌ಗೆ ಹಣ ತೆಗೆದಿಡುವ ಯಾವುದೇ ಯೋಜನೆಯಲ್ಲಿ ಈ ಕೆಲಸಕ್ಕೂ ಅಷ್ಟೇ ಹಣ ತೆಗೆದಿಡಬೇಕು.